ದಾರಾನ ಪುಸ್ತಕದ ಮನೆಗೆ ಬಂದ ನಿರಾಶ್ರಿತರ ಟ್ರಂಕು

ದೆಹಲಿಯ ಕಾಶ್ಮೀರಿ ಗೇಟಿನ ಬಳಿ, ಅಂಬೇಡ್ಕರ್ ವಿಶ್ವವಿದ್ಯಾಲಯದ ಆವರಣದಲ್ಲಿ ಎರಡು ಮುಖದ ಕಟ್ಟಡವೊಂದಿದೆ. ಎದುರಿಗೆ ನಿಂತರೆ ಎತ್ತರದ ಕಂಬಸಾಲಿನ ಬ್ರಿಟಿಷ್ ಬಂಗಲೆ. ಹಿಂದಕ್ಕೆ ಸುತ್ತಿ ಹೋದರೆ ಮೊಘಲರ ಕಾಲದ ಕೆಂಪು ಮರಳುಗಲ್ಲಿನ ಕಂಬಗಳು. ಷಹಜಹಾನನ ಹಿರಿಯ ಮಗ ದಾರಾ ಶಿಕೋನ ಗ್ರಂಥಾಲಯವೆಂದೇ ಇದಕ್ಕೆ ಹೆಸರು. 1803ರಲ್ಲಿ ದೆಹಲಿ ಇಂಗ್ಲಿಷರ ಕೈಸೇರಿದ ಮೇಲೆ ರೆಸಿಡೆಂಟ್ ಡೇವಿಡ್ ಆಕ್ಟರ್‌ಲೋನಿ ಇಲ್ಲಿ ಬಿಡಾರ ಹೂಡಿದ. ಆಮೇಲೆ ಕಾಲೇಜು, ಶಾಲೆ, ಸರ್ಕಾರಿ ಕಚೇರಿ ಎಂದು ಒಂದಾದ ಮೇಲೊಂದು ಒಕ್ಕಲು ಬಂದವು. 2023ರ ಮೇ ತಿಂಗಳಲ್ಲಿ ಬಂದ ಒಕ್ಕಲು ದೇಶವಿಭಜನೆಯ ಮ್ಯೂಸಿಯಂ.

ಆ ಮನೆಗೆ ಈ ಮ್ಯೂಸಿಯಂ ತಕ್ಕದ್ದೇ? ಹೌದೆನ್ನುವವರ ವಾದವನ್ನೇ ಮೊದಲು ನೋಡೋಣ. ಇಂದಿನ ದೆಹಲಿಯನ್ನು ಕಟ್ಟಿದವರಲ್ಲಿ ನಿರಾಶ್ರಿತರದು ದೊಡ್ಡ ಪಾಲು. 1941ರ ಜನಗಣತಿಯಲ್ಲಿ ಸುಮಾರು 9 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 17 ಲಕ್ಷ ದಾಟಿತ್ತು. ಹೆಚ್ಚಿದವರಲ್ಲಿ ಐದು ಲಕ್ಷದಷ್ಟು ಮಂದಿ ಗಡಿಯಾಚೆಯಿಂದ ಬಂದವರು. ಲಾಜಪತ್ ನಗರ, ಪಟೇಲ್ ನಗರ, ರಾಜೇಂದ್ರ ನಗರಗಳೆಲ್ಲ ಅವರಿಗಾಗಿ ಎದ್ದ ಬಡಾವಣೆಗಳು. ಇಂಥ ಊರಿನಲ್ಲಿ ಆ ಕಥೆ ಹೇಳುವ ಒಂದು ಮ್ಯೂಸಿಯಂ ತೆರೆಯಲು ಮುಕ್ಕಾಲು ಶತಮಾನ ಹಿಡಿಯಿತು ಎಂಬುದೇ ನಾಚಿಕೆಯ ಸಂಗತಿ. ಕಣ್ಣಾರೆ ಕಂಡವರು ತೀರಿಕೊಳ್ಳುತ್ತಿದ್ದಾರೆ. ಮೊಮ್ಮಕ್ಕಳಿಗೆ ಅಟ್ಟದ ಮೇಲಿನ ತಗಡಿನ ಟ್ರಂಕು ಬರೀ ಗುಜರಿ. ಕಟ್ಟಡಕ್ಕೆ ಜಾಗ ಹುಡುಕಿ, ನಕ್ಷೆ ಮಾಡಿಸಿ, ಕಟ್ಟಿ ಮುಗಿಸುವವರೆಗೆ ಕಾಯುವಷ್ಟು ವ್ಯವಧಾನ ಇಲ್ಲಿರಲಿಲ್ಲ.

ದೆಹಲಿಯ ಈ ಮ್ಯೂಸಿಯಂ ಮಾಡಿದ ಟ್ರಸ್ಟು ಅಮೃತಸರದಲ್ಲಿ ಮೊದಲ ಮ್ಯೂಸಿಯಂ ಮಾಡಿದ್ದೂ ಹಳೆಯ ಕಟ್ಟಡದಲ್ಲೇ. ಬ್ರಿಟಿಷರ ಕಾಲದ ಟೌನ್ ಹಾಲ್ ಅದು. 2017ರ ಆಗಸ್ಟ್ 17ರಂದು ಉದ್ಘಾಟನೆಯಾಯಿತು. ರ‍್ಯಾಡ್‌ಕ್ಲಿಫ್ ಎಳೆದ ಗಡಿರೇಖೆ 1947ರಲ್ಲಿ ಪ್ರಕಟವಾದ ತಾರೀಖೂ ಅದೇ. ಅಲ್ಲಿ ಒಂದು ಫುಲ್ಕಾರಿ ಕೋಟು ಮತ್ತು ಒಂದು ಚರ್ಮದ ಪೆಟ್ಟಿಗೆ ಇವೆ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಮತ್ತು ಹುಡುಗನೊಬ್ಬ ಬೇರೆಬೇರೆಯಾಗಿ ಓಡಿಬಂದಾಗ ತಂದದ್ದು. ಇಬ್ಬರೂ ಅಮೃತಸರದ ನಿರಾಶ್ರಿತರ ಸಾಲಿನಲ್ಲಿ ಆಕಸ್ಮಿಕವಾಗಿ ಸಿಕ್ಕು ಮದುವೆಯಾದರು. ಟೌನ್ ಹಾಲಿನಿಂದ ಜಲಿಯನ್‌ವಾಲಾ ಬಾಗಿಗೂ ಸ್ವರ್ಣಮಂದಿರಕ್ಕೂ ನಡೆದೇ ಹೋಗಬಹುದು. ಗಡಿ ದಾಟಿದ ಜನ ಮೊದಲು ಬಂದಿಳಿದ ಊರೂ ಅದೇ. ಹಾಗಾಗಿ ಅಲ್ಲಿ ಕಟ್ಟಡಕ್ಕೂ ಕಥೆಗೂ ತಕರಾರಿಲ್ಲ. ಪುರಸಭೆಯ ಕಡತಗಳಿಗಾಗಿ ಕಣ್ಣೀರು ಸುರಿಸುವವರು ಯಾರೂ ಇಲ್ಲ.

ದೆಹಲಿಯದು ಅಷ್ಟು ಸುಲಭದ ಲೆಕ್ಕವಲ್ಲ. 1947ರಲ್ಲಿ ನಿರಾಶ್ರಿತರು ನಿಜಕ್ಕೂ ಬೀಡುಬಿಟ್ಟ ಸ್ಮಾರಕಗಳು ಬೇರೆಯೇ ಇವೆ: ಪುರಾನಾ ಕಿಲಾ, ಹುಮಾಯೂನನ ಸಮಾಧಿ. ಪುರಾನಾ ಕಿಲಾಕ್ಕೆ ಮೊದಲು ಓಡಿಬಂದವರು ಪಾಕಿಸ್ತಾನದ ರೈಲಿಗೆ ಕಾದಿದ್ದ ದೆಹಲಿಯ ಮುಸ್ಲಿಮರು. ಅವರು ಹೋದ ಮೇಲೆ ಪಂಜಾಬಿನಿಂದ ಬಂದ ಹಿಂದೂಗಳು, ಸಿಖ್ಖರು. ಡೆನ್ಮಾರ್ಕಿನ ಓಕ್ಸ್‌ಬೋಲ್‌ನಲ್ಲಿ 2022ರಲ್ಲಿ ತೆರೆದ ನಿರಾಶ್ರಿತರ ಮ್ಯೂಸಿಯಮ್ಮಿನ ಉದಾಹರಣೆಯನ್ನು ವಿರೋಧಿಗಳು ಕೊಡಬಹುದು. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನ್ ನಿರಾಶ್ರಿತರನ್ನು ಇರಿಸಿದ್ದ ಶಿಬಿರದ ಆಸ್ಪತ್ರೆಯನ್ನೇ ಅಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಗೋಡೆಯೇ ಸಾಕ್ಷಿ. ದಾರಾನ ಮನೆಯ ಪ್ರಸಿದ್ಧಿಗೆ ಕಾರಣವೇ ಬೇರೆ. ಕಾಶಿಯ ಪಂಡಿತರನ್ನು ಕೂರಿಸಿಕೊಂಡು 1657ರಲ್ಲಿ ಉಪನಿಷತ್ತುಗಳನ್ನು ಪರ್ಷಿಯನ್ನಿಗೆ ತಂದವನು ದಾರಾ. ಯುರೋಪಿನ ಪಂಡಿತರು ಉಪನಿಷತ್ತುಗಳನ್ನು ಮೊದಲು ಓದಿದ್ದು ಆ ಪರ್ಷಿಯನ್ ಪಾಠದಿಂದ ಆದ ಲ್ಯಾಟಿನ್ ಅನುವಾದದಲ್ಲಿ. 1659ರಲ್ಲಿ ತಮ್ಮ ಔರಂಗಜೇಬ ಅವನನ್ನು ಕೊಲ್ಲಿಸಿದ. ಇಂಥವನ ಹೆಸರಿನ ಮನೆಯೊಂದು ಉಳಿದಿರುವಾಗ ಅದನ್ನು ಬೇರೆ ಕಥೆಗೆ ಒಪ್ಪಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನನಗೆ ಇನ್ನೂ ಹೆಚ್ಚು ಅಳುಕು ಹುಟ್ಟಿಸುವುದು ಇನ್ನೊಂದು. ದಾರಾನನ್ನೂ ವಿಭಜನೆಯನ್ನೂ ಒಂದೇ ಸೂರಿನಡಿ ತಂದರೆ ನೋಡುಗ ತಾನಾಗಿಯೇ ಒಂದು ಅಡ್ಡದಾರಿ ಹಿಡಿಯುತ್ತಾನೆ: ದಾರಾ ಗೆದ್ದಿದ್ದರೆ ಪಾಕಿಸ್ತಾನವೇ ಆಗುತ್ತಿರಲಿಲ್ಲ. ಇನ್ನೂರ ಎಂಬತ್ತೆಂಟು ವರ್ಷಗಳ ಚರಿತ್ರೆಯನ್ನು, ಬ್ರಿಟಿಷರನ್ನು, ಕಾಂಗ್ರೆಸ್ಸು ಮತ್ತು ಮುಸ್ಲಿಂ ಲೀಗನ್ನು, ಪಂಜಾಬಿನ ಜಮೀನುದಾರರನ್ನು ಎಲ್ಲವನ್ನೂ ಹಾರಿಸಿ ಅಣ್ಣತಮ್ಮಂದಿರ ಜಗಳಕ್ಕೆ ತಂದು ನಿಲ್ಲಿಸುವ ಈ ಕಥೆ ಭಾಷಣಗಳಿಗೆ ಬಹಳ ಅನುಕೂಲ. ಮ್ಯೂಸಿಯಂ ಅದಕ್ಕೆ ದಾರಿ ಮಾಡಿಕೊಡಬಾರದು.

ಕಲ್ಲುಗಾರೆಯ ಲೆಕ್ಕದಲ್ಲಿ ಎರಡೂ ಪಕ್ಷ ಸಮಬಲ. ಸುಣ್ಣದ ಗಾರೆಯ ಗೋಡೆಗೆ ಗಾಳಿಯಾಡಬೇಕು. ಹಳೆಯ ಕಾಗದ, ಬಟ್ಟೆಗಳಿಗೆ ತೇವ ಏರಿಳಿಯಬಾರದು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಒಗ್ಗದು. ಸ್ಮಾರಕವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸಬಹುದು, ಆದರೆ ಅದರ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಕೂಡದು ಎಂದು 1964ರ ವೆನಿಸ್ ಸನ್ನದು ಹೇಳುತ್ತದೆ. ಇತ್ತ, ಬೀಗ ಜಡಿದ ಕಟ್ಟಡದ ಗತಿ ಏನೆಂದು ನಮ್ಮ ಯಾವ ಊರಿನವರಿಗೂ ಹೇಳಿಕೊಡಬೇಕಿಲ್ಲ. ದಿನವೂ ಜನ ಓಡಾಡುವ ಕಡೆ ಮಾಡು ಸೋರಿದರೆ ಅಂದೇ ಗೊತ್ತಾಗುತ್ತದೆ. ಪಾರಂಪರಿಕ ತಾಣಗಳನ್ನು ದತ್ತು ಕೊಡುವ ಕೇಂದ್ರದ ಯೋಜನೆಯ ಹಿಂದಿರುವ ತರ್ಕವೂ ಇದೇ: ಆಸ್ತಿ ಸರ್ಕಾರದ್ದು, ಆರೈಕೆ ಸಂಸ್ಥೆಯದು.

ಆದರೆ ನಿಜವಾದ ಪರೀಕ್ಷೆ ಗಾರೆಯದಲ್ಲ, ಯಾರ ಕಥೆ ಎನ್ನುವುದರದು. ಮೈಸೂರಿನ ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ ಚಿತ್ರ ನೋಡಿದವರಿಗೆ ಆಗ್ರಾದ ಆ ಹವೇಲಿ ನೆನಪಿರುತ್ತದೆ. ದೇಶ ಬಿಟ್ಟುಹೋದ ಹಿರಿಯ ಮಗನ ಹೆಸರಿನಲ್ಲಿದ್ದ ಮನೆ ಕೈತಪ್ಪುವಾಗ ಮುದುಕಿ ತಾಯಿ ಸೌದೆಯ ಮನೆಯಲ್ಲಿ ಅಡಗಿ ಕೂರುತ್ತಾಳೆ; ಹೊಸ ಒಡೆಯ ಸಿಂಧಿನಿಂದ ಬಂದ ವ್ಯಾಪಾರಿ. ಇಬ್ಬರೂ ನೆಲೆ ಕಳೆದುಕೊಂಡವರೇ. ದೆಹಲಿಯಲ್ಲೂ ಐದು ಲಕ್ಷ ಮಂದಿ ಬಂದರೆ, ಮೂರು ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಹೊರಟರು. ಹೋದವರ ಎಷ್ಟೋ ಮನೆಗಳಲ್ಲಿ ಬಂದವರು ಒಲೆ ಹೂಡಿದರು. ಬಂದವರ ಟ್ರಂಕು ದೆಹಲಿಯಲ್ಲಿದೆ, ಹೋದವರದು ಕರಾಚಿಯಲ್ಲೋ ಲಾಹೋರಿನಲ್ಲೋ. ದಾನವಾಗಿ ಬಂದ ವಸ್ತುಗಳನ್ನೇ ನೆಚ್ಚಿಕೊಂಡ ಯಾವ ಮ್ಯೂಸಿಯಮ್ಮಾದರೂ, ಎಷ್ಟೇ ಒಳ್ಳೆಯ ಮನಸ್ಸಿನದಾದರೂ, ಬಂದವರ ಕಡೆಗೇ ವಾಲುತ್ತದೆ. ಅದನ್ನು ಸರಿತೂಗಿಸಲು ದನಿಮುದ್ರಿಕೆ, ಪತ್ರ, ಆಸ್ತಿಯ ದಾಖಲೆಗಳನ್ನು ಹುಡುಕಿಕೊಂಡು ಹೋಗಬೇಕು.

ಕಟ್ಟಡವನ್ನು ಕೊಟ್ಟದ್ದು ತಪ್ಪಲ್ಲ ಎಂದೇ ನನಗೆ ಅನ್ನಿಸುತ್ತದೆ. ಹುಮಾಯೂನನ ಸಮಾಧಿ ವಿಶ್ವಪರಂಪರೆಯ ತಾಣ, ಆ ಗೋರಿಯೊಳಗೆ ವಿಭಜನೆಯ ಮ್ಯೂಸಿಯಂ ತೆರೆಯುವುದು ಸುಲಭದ ಮಾತಲ್ಲ. ದಾರಾನ ಮನೆ ಹೇಗೂ ನೂರಾರು ವರ್ಷಗಳಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಲೇ ಬಂದದ್ದು. ಆದರೆ ಬಾಗಿಲು ದಾಟಿದವನಿಗೆ ಮೊದಲು ಸಿಗುವ ಕೋಣೆ ದಾರಾನಿಗೂ ಅವನ ಪುಸ್ತಕಗಳಿಗೂ ಮೀಸಲಾಗಿರಬೇಕು. ಕಾಶ್ಮೀರಿ ಗೇಟಿನಿಂದ ಪುರಾನಾ ಕಿಲಾಕ್ಕೆ, ಅಲ್ಲಿಂದ ಲಾಹೋರಿನ ರೈಲಿಗೆ ಹೋದವರಿಗೂ ಒಳಗೆ ಒಂದು ಕೋಣೆ ಬೇಕು. ಈ ಎರಡನ್ನೂ ಒಪ್ಪಂದದ ಕಾಗದದಲ್ಲೇ ಬರೆಸುವ ಹೊಣೆ ಮನೆಯ ಒಡೆಯನಾದ ಸರ್ಕಾರದ್ದು.