ಐಫೋನಿನ ಭಾಷೆ ಐಫೋನಿಗೆ ಮಾತ್ರವಾ?

"ಸ್ವಿಫ್ಟ್ ಕಲಿಯಬೇಕಾ? ಮೊದಲು ಮ್ಯಾಕ್ ತಗೊಳ್ಳಿ" ಅಂತ ಉಪದೇಶ ಕೊಡುವವರಿಗೆ ನಮ್ಮಲ್ಲಿ ಬರಗಾಲ ಇಲ್ಲ. ಇದನ್ನು ಕೇಳಿ ಮುಂಡಾಜೆಯಂಥ ಊರಿನ ಮಕ್ಕಳು ಆಸೆ ಬಿಟ್ಟರೆ ಆ ಪಾಪ ಯಾರಿಗೆ?

ಮಾರಾಯ್ರೆ, ಆಪಲ್ 2014ರಲ್ಲಿ ತಂದ ಈ ಭಾಷೆಯನ್ನು 2015ರ ಡಿಸೆಂಬರಿನಲ್ಲೇ ಮುಕ್ತ ತಂತ್ರಾಂಶ ಮಾಡಿ ಲಿನಕ್ಸಿಗೂ ಕೊಟ್ಟಿತು. 2020ರಲ್ಲಿ 5.3ನೇ ಆವೃತ್ತಿಯ ಜೊತೆ ವಿಂಡೋಸಿಗೂ ಬಂತು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಐಫೋನ್ ಆಪ್ ಮಾಡಲು ಆಪಲ್ ಕೊಡುವುದು ಎಕ್ಸ್‌ಕೋಡ್, ಅದು ಓಡುವುದು ಮ್ಯಾಕಿನಲ್ಲಷ್ಟೇ, ಒಪ್ಪಿದೆ. ಆದರೆ ಭಾಷೆ ಕಲಿಯಲು, ಸಣ್ಣಪುಟ್ಟ ಪ್ರೋಗ್ರಾಂ ಬರೆಯಲು, ಸರ್ವರ್ ನಡೆಸಲು ಮ್ಯಾಕ್ ಯಾಕೆ?

ಕನ್ನಡಕ್ಕೂ ಲಾಭ ಉಂಟು. "ಮುಂಡಾಜೆ"ಯಲ್ಲಿ ಎಷ್ಟು ಅಕ್ಷರ? ಲಿನಕ್ಸಿನಲ್ಲಿ ಕೂತ ಸ್ವಿಫ್ಟಿನ ಕೌಂಟ್ ಕೂಡ ಮೂರು ಅನ್ನುತ್ತದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಆಂಡ್ರಾಯ್ಡಿನವರ ಕಾಟ್ಲಿನ್‌ನಲ್ಲಿ ಲೆಂಗ್ತ್ ಕೇಳಿ, ಏಳು! ಕೊಂಬು, ಸೊನ್ನೆಗಳನ್ನೆಲ್ಲ ಬೇರೆಬೇರೆ ಎಣಿಸಿರುತ್ತದೆ. ಒತ್ತಕ್ಷರದ ತಕರಾರು ಬೇರೆಯೇ ಕತೆ, ಇರಲಿ.

ಕಲಿಸುವವರೇ, ಮ್ಯಾಕಿನ ಬೆಲೆ ಹೇಳಿ ಹೆದರಿಸುವ ಮೊದಲು, ಮಕ್ಕಳ ಮುಂದೆ ಇರುವ ಕಂಪ್ಯೂಟರಿಗೇ ಸ್ವಿಫ್ಟ್ ಹಾಕಿ ತೋರಿಸಿ. ಐಫೋನು, ಮ್ಯಾಕು ಆಮೇಲೆ ನೋಡಿಕೊಂಡರಾಯ್ತು.