ರೀಲು ತೊಳೆಯುವ ಲೆಕ್ಕ

ಅಟ್ಟದ ಪೆಟ್ಟಿಗೆಯಲ್ಲಿ ತಾತನ ಕಾಲದ ಕ್ಯಾಮೆರಾ ಸಿಕ್ಕಿತೆಂದು ಹಿಗ್ಗುತ್ತ ಬರುವ ವಿದ್ಯಾರ್ಥಿಗಳು ಈಚೆಗೆ ಪ್ರತಿವರ್ಷವೂ ಒಬ್ಬಿಬ್ಬರಾದರೂ ಇರುತ್ತಾರೆ. ಆ ಹಿಗ್ಗು ಮೊದಲ ರೀಲು ಮುಗಿಯುವವರೆಗೆ ಮಾತ್ರ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನಾವು ವಿಚಾರಿಸಿದ ಸ್ಟುಡಿಯೋಗಳವರು, ರೀಲು ತೊಳೆಯುವುದನ್ನು ಬಿಟ್ಟು ಬಹಳ ಕಾಲವಾಯಿತೆಂದರು. ಬೆಂಗಳೂರಿನ ಲ್ಯಾಬಿಗೆ ಅಂಚೆಯಲ್ಲಿ ಕಳುಹಿಸಬೇಕು. ಇಲ್ಲವೆ ಮನೆಯಲ್ಲಿಯೇ ತೊಳೆದು, ಮನೆಯಲ್ಲಿಯೇ ಸ್ಕ್ಯಾನ್ ಮಾಡಬೇಕು. ಇವೆರಡರಲ್ಲಿ ಯಾವುದು ಅಗ್ಗ? ‘ಮನೆಯೇ ಅಗ್ಗ’ವೆಂದು ಥಟ್ಟನೆ ಉತ್ತರ ಕೊಡುವವರ ಲೆಕ್ಕದಲ್ಲಿ ಒಂದು ದೋಷವಿದೆಯೆಂಬುದು ನಮ್ಮ ಅಭಿಪ್ರಾಯ. ತೊಳೆಯುವುದು, ಸ್ಕ್ಯಾನ್ ಮಾಡುವುದು ಎಂಬ ಎರಡು ಬೇರೆ ಕೆಲಸಗಳನ್ನು ಅವರು ಒಂದೇ ಮೊತ್ತದಲ್ಲಿ ಕೂಡಿಸಿಬಿಡುತ್ತಾರೆ.

ಮೊದಲು ತೊಳೆಯುವುದನ್ನು ನೋಡೋಣ. ಕಪ್ಪು-ಬಿಳುಪಿನ ರೀಲಿಗೆ ಬೇಕಾಗುವ ದ್ರವ್ಯಗಳು ಅತ್ಯಲ್ಪ. 1920ರ ದಶಕದಿಂದಲೂ ಬಳಕೆಯಲ್ಲಿರುವ ಡಿ-76 ಎಂಬ ಡೆವಲಪರಿನ ಒಂದು ಲೀಟರಿನಲ್ಲಿ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಬೋರಾಕ್ಸ್ 2 ಗ್ರಾಂ ಇರುತ್ತವೆ. ಇಷ್ಟರಲ್ಲಿ 36 ಚಿತ್ರಗಳ ನಾಲ್ಕು ರೀಲುಗಳನ್ನು ತೊಳೆಯಬಹುದು. ಎಂದರೆ ರೀಲೊಂದಕ್ಕೆ ಬೀಳುವ ಮೆಟಾಲ್ ಅರ್ಧ ಗ್ರಾಂ! ಬೆಳಕು ತಾಗಿದ ಬೆಳ್ಳಿಲವಣದ ಕಣಗಳನ್ನು ಈ ದ್ರಾವಣವು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ತಾಗದ ಲವಣವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋವಿನ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡಿದ್ದನು.

ಈಗ ಲೆಕ್ಕ. ಕೆಳಗಿನ ಅಂಕೆಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮಗೆ ತಿಳಿದುಬಂದ ದರಗಳನ್ನು ಹಾಕಿಕೊಳ್ಳಲಿ. ಲ್ಯಾಬಿನಲ್ಲಿ ರೀಲು ತೊಳೆಯಲು 250 ರೂಪಾಯಿ, ಸ್ಕ್ಯಾನಿಗೆ ಮತ್ತೆ 250 ರೂಪಾಯಿ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ತೊಳೆಯಲು ಟ್ಯಾಂಕು, ಉಷ್ಣಮಾಪಕ, ಅಳತೆಯ ಪಾತ್ರೆ ಇತ್ಯಾದಿಗಳಿಗೆ ಒಮ್ಮೆ 4,000, ದ್ರವ್ಯಕ್ಕೆ ರೀಲಿಗೆ 60. ರೀಲೊಂದಕ್ಕೆ ಉಳಿತಾಯ 190. ಹಾಕಿದ ಹಣ ಹಿಂದಿರುಗಲು ಸುಮಾರು 21 ರೀಲುಗಳು ಬೇಕು. ಸ್ಕ್ಯಾನರಿಗೆ 24,000 ಎನ್ನಿ. ರೀಲಿಗೆ 250ರಂತೆ ಅದು ಹಿಂದಿರುಗಲು 96 ರೀಲುಗಳು ಬೇಕು. ತಿಂಗಳಿಗೊಂದು ರೀಲು ತೆಗೆಯುವವನಿಗೆ ಮೊದಲನೆಯದು ಎರಡು ವರ್ಷಕ್ಕೆ ಕೊಂಚ ಕಡಮೆ, ಎರಡನೆಯದು ಎಂಟು ವರ್ಷ! ಎರಡನ್ನೂ ಕೂಡಿಸಿದರೆ 64 ರೀಲು ಎಂಬ ಉತ್ತರ ಬಂದು, ಅಗ್ಗವಾದ ಕೆಲಸದ ಮರೆಯಲ್ಲಿ ದುಬಾರಿಯಾದುದು ಅಡಗಿಕೊಳ್ಳುತ್ತದೆ. ಪ್ರವಾಸಕ್ಕೆಂದು ಕೂಡಿಟ್ಟ ಹಣವನ್ನು ಸ್ಕ್ಯಾನರಿಗೆ ಸುರಿದ ಹುಡುಗನೊಬ್ಬನನ್ನು ನಾವು ಬಲ್ಲೆವು. ಹನ್ನೊಂದನೆಯ ರೀಲು ಕೊಳ್ಳಲು ಅವನಲ್ಲಿ ಹಣವಿರಲಿಲ್ಲ. ಕ್ಯಾಮೆರಾ ಮತ್ತೆ ಅಟ್ಟವೇರಿತು.

ಹೊತ್ತಿನ ಲೆಕ್ಕವೂ ಹೀಗೆಯೇ. ಟ್ಯಾಂಕಿನಲ್ಲಿ ಎರಡು ರೀಲು ಹಿಡಿಸಿದರೆ, ಎರಡನ್ನು ತೊಳೆಯಲು ಒಂದನ್ನು ತೊಳೆಯುವಷ್ಟೇ ಹೊತ್ತು ಸಾಕು. ಸ್ಕ್ಯಾನರಿಗೆ ಅಂಥ ಔದಾರ್ಯವಿಲ್ಲ. ಚಿತ್ರಕ್ಕೆ ಮೂರು ನಿಮಿಷದಂತೆ 36 ಚಿತ್ರಗಳಿಗೆ 108 ನಿಮಿಷ. ಅದರಿಂದ ದೊರೆಯುವುದಾದರೂ ಎಷ್ಟು? ಅಂಗುಲಕ್ಕೆ 2,400 ಬಿಂದುಗಳಂತೆ ಓದಿದರೆ 24×36 ಮಿಲಿಮೀಟರಿನ ಚಿತ್ರದಲ್ಲಿ ಸುಮಾರು 77 ಲಕ್ಷ ಬಿಂದುಗಳು. ಗೆಳೆಯನೊಬ್ಬನ ಬಳಿ 2.4 ಕೋಟಿ ಬಿಂದುಗಳ ಡಿಜಿಟಲ್ ಕ್ಯಾಮೆರಾವೂ, ಹತ್ತಿರದ ವಸ್ತುವನ್ನು ತೆಗೆಯುವ ಮಸೂರವೂ ಇದ್ದರೆ, ನೆಗೆಟಿವಿನ ಹಿಂದೆ ಬಿಳಿಯ ಬೆಳಕಿಟ್ಟು ಅದರಿಂದಲೇ ಚಿತ್ರ ತೆಗೆಯಬಹುದು. ಎಲ್ಲ 36ನ್ನೂ ತೆಗೆಯಬೇಕಾಗಿಯೂ ಇಲ್ಲ. ತೊಳೆದ ರೀಲನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿ, ಚೆನ್ನಾಗಿರುವ ಐದಾರನ್ನು ಆರಿಸಿಕೊಂಡರೆ ಸಾಕು. ಇಡೀ ರೀಲಿಗೆ ದರ ಹೇಳುವ ಲ್ಯಾಬಿನಲ್ಲಿ ಈ ಅನುಕೂಲವಿಲ್ಲ.

ನಮ್ಮ ಊರಿನ ತೊಡಕು ಉಷ್ಣತೆಯದು. ಡೆವಲಪರಿನ ಕೋಷ್ಟಕಗಳು 20 ಡಿಗ್ರಿಯಿಂದ ಹೊರಡುತ್ತವೆ. ಏಪ್ರಿಲಿನಲ್ಲಿ ನಲ್ಲಿಯ ನೀರು 30ರ ಸಮೀಪಕ್ಕೆ ಬರುತ್ತದೆ. ಡಿಗ್ರಿಯೊಂದಕ್ಕೆ ಸರಿಸುಮಾರು ಹತ್ತನೆಯ ಒಂದರಷ್ಟು ವೇಳೆ ತಗ್ಗುವುದರಿಂದ, 20 ಡಿಗ್ರಿಯಲ್ಲಿ ಏಳು ನಿಮಿಷ ಬೇಕಾದುದಕ್ಕೆ 24ರಲ್ಲಿ ಐದು ಸಾಕು. 30ರಲ್ಲಿ ಕೆಲಸ ಎಷ್ಟು ಬೇಗ ಮುಗಿಯುತ್ತದೆಂದರೆ ಅರ್ಧ ನಿಮಿಷದ ತಪ್ಪೂ ಎದ್ದು ಕಾಣುತ್ತದೆ. ಆದರೆ ಮಂಜುಗಡ್ಡೆಗೆ ಖರ್ಚು ಮಾಡಬೇಕಾಗಿಲ್ಲ. ಮಣ್ಣಿನ ಹೂಜಿಯಲ್ಲಿ ರಾತ್ರಿಯಿಡೀ ಇಟ್ಟ ನೀರು ಆವಿಯಾಗುವಿಕೆಯಿಂದ ಕೆಲವು ಡಿಗ್ರಿ ಇಳಿದಿರುತ್ತದೆ. ಮಳೆಗಾಲದಲ್ಲಿ ಹೂಜಿ ಕೈಕೊಡುತ್ತದೆ. ಆಗ ನೀರೇ ತಣ್ಣಗಿರುತ್ತದೆ.

ವರ್ಣದ ರೀಲಿನ ಮಾತು ಬೇರೆ. ಅದರ ಡೆವಲಪರು 38 ಡಿಗ್ರಿಯಲ್ಲಿ, ಡಿಗ್ರಿಯ ಅಲ್ಪಭಾಗವೂ ಅತ್ತಿತ್ತ ಆಗದಂತೆ, ಮೂರೂಕಾಲು ನಿಮಿಷ ಇರಬೇಕು. ಅದನ್ನು ಲ್ಯಾಬಿಗೆ ಕಳುಹಿಸುವುದೇ ಲೇಸು. ಮತ್ತೆ ತೆಗೆಯಲಾಗದ ಚಿತ್ರಗಳಿರುವ ರೀಲನ್ನು ಕಲಿಯುವ ಕೈಗೆ ಕೊಡಬಾರದು. ನಾವು ತೊಳೆದ ಮೊದಲ ರೀಲಿಗೆ ಡೆವಲಪರಿನ ಬದಲು ಹೈಪೋವನ್ನೇ ಮೊದಲು ಸುರಿದೆವು. ಗಾಜಿನಂತೆ ಸ್ವಚ್ಛವಾಗಿ ಹೊರಬಂತು. ಅದರಲ್ಲಿ ನಮ್ಮ ಅಜ್ಜಿಯ ಚಿತ್ರಗಳಿದ್ದವು.

ಹಾಗಾದರೆ 4,000 ರೂಪಾಯಿಯನ್ನಾದರೂ ವಿದ್ಯಾರ್ಥಿಯೊಬ್ಬನೇ ಏಕೆ ಹೊರಬೇಕು? ನಾಲ್ವರು ಸೇರಿ ಕೊಂಡರೆ, ತಿಂಗಳಿಗೆ ನಾಲ್ಕು ರೀಲಿನಂತೆ, ಅದು ಐದಾರು ತಿಂಗಳಲ್ಲಿ ಹಿಂದಿರುಗುತ್ತದೆ. ಕಾಲೇಜುಗಳು ಮನಸ್ಸು ಮಾಡಿದರೆ ಅದೂ ಬೇಡ. ರಸಾಯನಶಾಸ್ತ್ರ ವಿಭಾಗದ ಬೀರುವಿನಲ್ಲಿ ತಕ್ಕಡಿ, ಉಷ್ಣಮಾಪಕ, ಅಳತೆಯ ಪಾತ್ರೆ ಎಲ್ಲವೂ ಇವೆ. ಅಯೊಡಿನ್ ಟೈಟ್ರೇಷನ್ನಿಗೆ ತರಿಸುವ ಸೋಡಿಯಂ ಥಯೋಸಲ್ಫೇಟೇ ನಮ್ಮ ಹೈಪೋ. ಡೆವಲಪರನ್ನು ತಡೆಯುವ ಅಸಿಟಿಕ್ ಆಮ್ಲವೂ ಅಲ್ಲಿಯೇ ಇದೆ. (1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಭದ್ರಾವತಿಯ ಕಾರ್ಖಾನೆಯು ಇದ್ದಲಿಗಾಗಿ ಮಲೆನಾಡಿನ ಮರವನ್ನು ಬಟ್ಟಿಯಿಳಿಸುತ್ತಿದ್ದಾಗ, ಆ ಆಮ್ಲದ ಲವಣವೂ ಅಲ್ಲಿ ದೊರೆಯುತ್ತಿತ್ತು.) ಸಂಜೆ ಬೀಗ ಬೀಳುವ ಆ ಕೋಣೆಯನ್ನು ವಾರಕ್ಕೊಮ್ಮೆ, ಅಧ್ಯಾಪಕರೊಬ್ಬರ ಎದುರಿನಲ್ಲಿ, ಎರಡು ಗಂಟೆ ತೆರೆದಿಡಲು ಅಡ್ಡಿಯೇನು? ನಾವೂ ಅಧ್ಯಾಪಕರೇ, ಈ ದೂರಿನಲ್ಲಿ ನಮ್ಮ ಪಾಲೂ ಇದೆ.

ಕಾಲೇಜಿನಲ್ಲಿ ಮಾಡಿದರೆ ಇನ್ನೊಂದು ಕೆಲಸವೂ ಸಾಧ್ಯ. ಬಳಸಿದ ಹೈಪೋವಿನಲ್ಲಿ ಬೆಳ್ಳಿ ಕರಗಿರುತ್ತದೆ. ಅದು ಚರಂಡಿಯ ಮೂಲಕ ತುಂಗೆಗೋ ಭದ್ರೆಗೋ ಸೇರತಕ್ಕದ್ದಲ್ಲ. ಜಾಡಿಯಲ್ಲಿ ಕೂಡಿಟ್ಟು, ಉಕ್ಕಿನ ನಾರನ್ನು ಅದರಲ್ಲಿ ಮುಳುಗಿಸಿಡಬೇಕು. ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಬೀಳುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ನಾರು ಇದಕ್ಕೆ ಬಾರದು. ತುಕ್ಕು ಹಿಡಿಯುವ ಸಾಧಾರಣ ಉಕ್ಕೇ ಬೇಕು. ಅದರ ಬೆಲೆಯನ್ನು ಮೇಲಿನ 60 ರೂಪಾಯಿಗಳಲ್ಲಿಯೇ ಸೇರಿಸಿದ್ದೇವೆ.