ಮನೆವಾರ್ತೆ: ಒಳಮನೆಯ ಲೋಳೆಸರ

ದೃಷ್ಟಿ ತಾಕದಿರಲೆಂದು ತಲೆಬಾಗಿಲ ಮೇಲೆ ಲೋಳೆಸರದ ಗಿಡವೊಂದನ್ನು ಬೇರುಸಹಿತ ತಲೆಕೆಳಗಾಗಿ ಕಟ್ಟಿರುವುದನ್ನು ನಮ್ಮ ಸೀಮೆಯ ವಾಚಕರು ಕಂಡೇ ಇರುವರು. ಅದಕ್ಕೆ ಮಣ್ಣಿಲ್ಲ, ನೀರೆರೆಯುವವರಿಲ್ಲ. ಆದರೂ ತಿಂಗಳುಗಟ್ಟಲೆ ಹಸುರಾಗಿದ್ದು, ಎಲೆಯ ತುದಿಗಳನ್ನು ಮೆಲ್ಲಮೆಲ್ಲನೆ ಮೇಲಕ್ಕೆ ತಿರುಗಿಸಿಕೊಳ್ಳುವುದು. ಅದೇ ಮನೆಯ ನಡುಮನೆಯಲ್ಲಿ, ಚೆಂದದ ಪಿಂಗಾಣಿಯ ಕುಂಡದಲ್ಲಿ, ನಿತ್ಯವೂ ಒಂದು ಚೊಂಬು ನೀರಿನ ಉಪಚಾರ ಪಡೆಯುವ ಅದರ ದಾಯಾದಿಯು ಕೆಲವು ವಾರಗಳೊಳಗಾಗಿ ಬುಡ ಕೊಳೆತು ಒರಗುವುದು. ದಿನವೂ ತಪ್ಪದೆ ನೀರು ಹಾಕಿದರೂ ಗಿಡವೇಕೆ ಬದುಕಲಿಲ್ಲವೆಂದು ಕೇಳುವ ಭಗಿನಿಯರಿಗೆ, ತಪ್ಪದೆ ಹಾಕಿದುದೇ ಕಾರಣವೆಂದು ಹೇಳಬೇಕಾಗಿದೆ.

ಈ ಗಿಡದ ತವರು ಅರಬ್ಬೀ ಪರ್ಯಾಯದ್ವೀಪದ ಒಣ ಬೆಟ್ಟಗಳು. ಅಲ್ಲಿ ಅಪರೂಪಕ್ಕೆ ಬೀಳುವ ಮಳೆಯ ನೀರನ್ನು ಅದು ತನ್ನ ದಪ್ಪ ಎಲೆಗಳ ಲೋಳೆಯಲ್ಲಿ ತುಂಬಿಟ್ಟುಕೊಳ್ಳುವುದು. ಮೇಲಾಗಿ, ಮಿಕ್ಕ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯೊಡನೆ ನೀರನ್ನೂ ಕಳೆದುಕೊಂಡರೆ, ಲೋಳೆಸರವು ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು ಇಂಗಾಲಾಮ್ಲವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ಕದ ಮುಚ್ಚಿ ಅಡಿಗೆ ಮಾಡಿಕೊಳ್ಳುವುದು. ಇಂತಹ ಜಿಪುಣ ಸಂಸಾರಕ್ಕೆ ನಾವು ಸುರಿಯುವ ನೀರು ಬೇಕಿಲ್ಲ. ನೆನೆದ ಮಣ್ಣಿನಲ್ಲಿ ಬೇರಿಗೆ ಉಸಿರು ಸಿಕ್ಕದೆ ಅದು ಕೊಳೆಯುವುದು.

ಆದಕಾರಣ ಪಿಂಗಾಣಿಗಿಂತ ಕುಂಬಾರನ ಸುಟ್ಟ ಮಣ್ಣಿನ ಕುಂಡವೇ ಮೇಲು. ಅದರ ಮೈಯಿಂದಲೂ ತೇವವು ಹೊರಗೆ ಹೋಗುವುದು. ತಳದಲ್ಲಿ ತೂತು ಇರಲೇಬೇಕು. ತೋಟದ ಮಣ್ಣಿಗೆ ಅದರಷ್ಟೇ ದಪ್ಪ ಮರಳನ್ನು ಅಥವಾ ಇಟ್ಟಿಗೆಯ ಸಣ್ಣ ಚೂರನ್ನು, ಒಂದು ಹಿಡಿ ಹಳೆಯ ಗೊಬ್ಬರವನ್ನು ಬೆರೆಸಿದರೆ ಸಾಕು. ನೀರಿಗೆ ವಾರ ತಿಥಿಗಳ ಲೆಕ್ಕ ಬೇಡ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡಿರಿ. ತೇವ ತಾಕಿದರೆ ಚೊಂಬನ್ನು ಹಿಂದಕ್ಕೆ ಕೊಂಡೊಯ್ಯಿರಿ. ಒಣಗಿದ್ದರೆ ತಳದಿಂದ ಹರಿದು ಬರುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿಬಿಡಿರಿ. ಬಯಲುಸೀಮೆಯ ಬೇಸಗೆಯಲ್ಲಿ ಇದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರಬಹುದು. ಮಲೆನಾಡಿನವರ ಕಥೆಯೇ ಬೇರೆ. ಆಷಾಢ ಶ್ರಾವಣಗಳಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಕುಂಡದ ಮಣ್ಣು ಒಣಗುವುದೆಂತು? ಅಲ್ಲಿ ತಿಂಗಳಿಗೊಮ್ಮೆ ಹಾಕಿದರೂ ಹೆಚ್ಚೇ ಆದೀತು.

ಬೆಳಕಿನಲ್ಲಿ ಮಾತ್ರ ಜಿಪುಣತನ ಕೂಡದು. ಪೂರ್ವದ ಕಿಟಕಿಯ ಬಳಿ ಎಳೆಬಿಸಿಲು ಬೀಳುವ ಜಾಗ ಉತ್ತಮ. ಕತ್ತಲೆಯ ಮೂಲೆಯಲ್ಲಿ ಎಲೆಗಳು ತೆಳ್ಳಗಾಗಿ, ಉದ್ದ ಬೆಳೆದು ಜೋತುಬೀಳುವುವು. ಹಾಗೆಂದು ನೆರಳಿನ ಗಿಡವನ್ನು ಒಮ್ಮೆಗೇ ಮಹಡಿಯ ಬಿಸಿಲಿಗೆ ಒಯ್ದರೆ ಮೈ ಕೆಂಗಂದು ಬಣ್ಣಕ್ಕೆ ತಿರುಗುವುದು; ದಿನಕ್ಕಿಷ್ಟಿಷ್ಟಾಗಿ ಒಗ್ಗಿಸಬೇಕು.

ಬುಡದ ಸುತ್ತ ಏಳುವ ಮರಿಗಳು ಗೇಣುದ್ದವಾದಾಗ ಬೇರುಸಹಿತ ಬಿಡಿಸಿ, ಗಾಯ ಆರಲೆಂದು ಎರಡು ದಿನ ನೆರಳಿನಲ್ಲಿಟ್ಟು ನೆಡಬೇಕು. ಬರಿಯ ಎಲೆಯನ್ನು ಚುಚ್ಚಿದರೆ ಗಿಡವಾಗುವುದೆಂದು ಕೆಲವರು ಹೇಳುವರು. ಅದು ಸಾಮಾನ್ಯವಾಗಿ ಕೊಳೆಯುವುದೇ ಸರಿ. ಬಾಗಿಲಿನ ಗಿಡವನ್ನು ಇಳಿಸಿ ನೆಡಬಹುದೆ? ಸುಳಿ ಹಸುರಾಗಿದ್ದರೆ ಧಾರಾಳವಾಗಿ ನೆಡಬಹುದು. ಒಣಗಿದ ಬೇರುಗಳನ್ನು ಕತ್ತರಿಸಿ, ಒಣಮಣ್ಣಿನಲ್ಲಿ ಕೂರಿಸಿ, ಒಂದು ವಾರ ಕಳೆದ ಮೇಲೆ ಸ್ವಲ್ಪ ನೀರು ಕಾಣಿಸಿರಿ. ಬೇಲಿಯ ಕತ್ತಾಳೆಯನ್ನು ಇದೆಂದು ಭ್ರಮಿಸಿ ತರಬೇಡಿರಿ. ಅದು ಅಮೆರಿಕದಿಂದ ಬಂದ ನಾರಿನ ಗಿಡ; ಅದರ ರಸ ಮೈಗೆ ತಾಕಿದರೆ ತುರಿಕೆ.

ಇನ್ನು ಮನೆಯವರ ಕ್ಷೇಮದ ಮಾತು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕುಮಾರಿಯೆಂದು ಹೆಸರು. ಕುಮಾರ್ಯಾಸವವನ್ನು ಅರಿಯದವರು ವಿರಳ. ಆದರೆ ಎಲೆಯೊಂದರಲ್ಲಿ ವಸ್ತುಗಳೆರಡಿವೆ. ನಡುವೆ ಇರುವುದು ನಿರ್ವರ್ಣದ ತಿಳಿ ಲೋಳೆ. ಸಿಪ್ಪೆಯ ಕೆಳಗೆ ಹರಿಯುವುದು ಹಳದಿಯ ಕಹಿ ರಸ. ಗ್ರಂಧಿಗೆ ಅಂಗಡಿಯ ಕರಿಬೋಳವು ಈ ರಸವನ್ನು ಒಣಗಿಸಿದುದು, ತೀವ್ರವಾದ ಭೇದಿ ಔಷಧ. ಇದರ ಕ್ಷೇಮವು ಸಿದ್ಧವಾಗಿಲ್ಲವೆಂದು ಅಮೆರಿಕದ ಸರ್ಕಾರವು 2002ರಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಿಂದ ಇದನ್ನು ತೆಗೆಯಿಸಿತು. ಗರ್ಭಿಣಿಯರೂ ಮಕ್ಕಳೂ ಇದನ್ನು ಸೇವಿಸತಕ್ಕದ್ದಲ್ಲ. ಬೆಳಗಾಗೆದ್ದು ಇಡೀ ಎಲೆಯನ್ನು ಅರೆದು ಕುಡಿಯುವ ಈಚಿನ ಚಾಳಿ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ನಾಯಿ ಬೆಕ್ಕುಗಳಿದ್ದರೆ ಕುಂಡವು ಅವುಗಳಿಗೆ ಎಟುಕದಂತಿರಲಿ. ಅವು ಎಲೆ ಕಡಿದರೆ ವಾಂತಿಭೇದಿಯಾಗುವುದುಂಟು.

ಒಲೆಯ ಬಳಿ ಕೈ ಚುರುಕೆಂದಾಗ ಮೊದಲು ಓಡಬೇಕಾದುದು ಗಿಡದ ಬಳಿಗಲ್ಲ, ನಲ್ಲಿಯ ಬಳಿಗೆ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಕೈಯನ್ನು ಹಿಡಿದ ಮೇಲೆ, ಚರ್ಮ ಕೆಂಪಾಗಿದೆಯಷ್ಟೇ ಎಂದಾದರೆ ತಿಳಿ ಲೋಳೆಯನ್ನು ಹಚ್ಚಬಹುದು. ಬೊಬ್ಬೆ ಎದ್ದಿದ್ದರೆ, ಸುಟ್ಟುದು ಅಂಗೈಯಗಲಕ್ಕೆ ಮೀರಿದ್ದರೆ, ಸುಟ್ಟವರು ಮಗುವಾಗಿದ್ದರೆ ವೈದ್ಯರ ಬಳಿಗೇ ಹೋಗತಕ್ಕದ್ದು. ಲೋಳೆಗಾಗಿ ಹೊರಸುತ್ತಿನ ಹಳೆಯ ಎಲೆಯನ್ನೇ ಬುಡದಿಂದ ಕೊಯ್ದು, ಕೊಯ್ದ ಬಾಯಿ ಕೆಳಗಾಗುವಂತೆ ಲೋಟದಲ್ಲಿ ಕಾಲುಗಂಟೆ ನಿಲ್ಲಿಸಿದರೆ ಹಳದಿಯ ರಸ ಇಳಿದುಹೋಗುವುದು. ಅನಂತರ ತೊಳೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆಯಿರಿ. ಐದಾರು ಎಲೆಗಳ ಎಳೆಯ ಗಿಡಕ್ಕೆ ಮಾತ್ರ ಇನ್ನೊಂದು ವರ್ಷ ಕತ್ತಿ ತೋರಿಸಬೇಡಿರಿ.